ಕಿಂಡಿ ಕಾದವರು, ಸುರಂಗ ತೋಡಿದವರು: ಕೋಟೆ ಸಂರಕ್ಷಣೆಯ ಕುರಿತು ಕೆಲವು ಪ್ರಶ್ನೆಗಳು

1

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಯಾವ ಕೋಟೆಯೂರಿಗೆ ಹೋದರೂ ಒಂದು ಸುರಂಗದ ಕತೆ ಸಿಗುತ್ತದೆ. 'ನಮ್ಮ ಕೋಟೆಯಿಂದ ನಂದಿಬೆಟ್ಟಕ್ಕೆ ಸುರಂಗ ಐತಂತೆ ಸಾರ್, ಕುದುರೆ ಮೇಲೆ ಕೂತ್ಕಂಡೇ ಹೋಗ್ಬೋದಿತ್ತಂತೆ' ಎಂದು ಪದವಿ ತರಗತಿಯ ಹುಡುಗರು ಪ್ರತಿ ವರ್ಷವೂ ಹೇಳುತ್ತಾರೆ. ಇತಿಹಾಸದ ಮೇಷ್ಟ್ರಾದ ನಾನು ಪ್ರತಿ ವರ್ಷವೂ 'ಅದಕ್ಕೆ ಆಧಾರ ಇಲ್ಲ ಕಣ್ರಪ್ಪ' ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಸಾರ್, ಇದ್ದಿದ್ರೆ ಅದನ್ನ ತೋಡ್ದೋರು ಯಾರು ಸಾರ್?' ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ಎಂ.ಎ. ಓದುವ ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ, ನನಗೆ ಯಾರೂ ಕೇಳಲು ಕಲಿಸಿಯೂ ಇರಲಿಲ್ಲ.

ಕೋಟೆ ಕಟ್ಟಿಸಿದವನ ಹೆಸರು ಗೊತ್ತು. ಮುತ್ತಿಗೆ ಹಾಕಿದವನ ಹೆಸರು ಗೊತ್ತು. ಗೆದ್ದ ತಾರೀಖು ಗೊತ್ತು. ತೋಡಿದ ಕೈ, ಹೊತ್ತ ತಲೆ, ರಾತ್ರಿಯೆಲ್ಲ ಕಾದ ಕಣ್ಣು ಮಾತ್ರ ಗೊತ್ತಿಲ್ಲ. ಈ ಗೊತ್ತಿಲ್ಲದಿರುವಿಕೆ ಆಕಸ್ಮಿಕವಲ್ಲ. ಹಳೆಯ ಸೈನಿಕ ಸುರಂಗವನ್ನೋ ಕೋಟೆಯ ಕಳ್ಳಗಂಡಿಯನ್ನೋ 'ಐತಿಹಾಸಿಕ ಸ್ಥಳ'ವೆಂದು ಉಳಿಸಿಕೊಳ್ಳಬೇಕು ಎಂದು ಇವತ್ತು ಎಲ್ಲರೂ ಹೇಳುತ್ತಿದ್ದಾರೆ. ಉಳಿಸಿಕೊಳ್ಳಲೇಬೇಕು. ಆದರೆ ಯಾವುದನ್ನು ಉಳಿಸುತ್ತಿದ್ದೇವೆ, ಯಾರಿಗಾಗಿ, ಯಾರ ಖರ್ಚಿನಲ್ಲಿ ಎಂಬ ಪ್ರಶ್ನೆಗಳನ್ನು ದಲಿತ ವಿಮರ್ಶೆ ಕೇಳದೆ ಬಿಟ್ಟರೆ ಮತ್ತಾರೂ ಕೇಳುವುದಿಲ್ಲ.

2

ಮೊದಲು ನಮ್ಮೂರಿನ ಕೋಟೆಯಿಂದಲೇ ಶುರು ಮಾಡುತ್ತೇನೆ. ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ ಕಟ್ಟಿಸಿದ ಎನ್ನುತ್ತಾರೆ. ಆಗ ಅದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಹಿಡಿದ. ಆ ದಂಡಿನಲ್ಲಿದ್ದ ಹೈದರ್ ಎಂಬ ಸಾಧಾರಣ ಸವಾರ ಮೊದಲು ಹೆಸರು ಮಾಡಿದ್ದು ಇಲ್ಲೇ. ಮುಂದೆ ಅವನ ಮಗ ಟಿಪ್ಪು ಹುಟ್ಟಿದ್ದೂ ಇಲ್ಲೇ. ಮಣ್ಣಿನ ಕೋಟೆ ಕಲ್ಲಿನ ಕೋಟೆಯಾದದ್ದು ಅಪ್ಪ ಮಗನ ಕಾಲದಲ್ಲಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಇವತ್ತು ಈ ಕೋಟೆ, ಪಕ್ಕದ ಟಿಪ್ಪು ಜನ್ಮಸ್ಥಳದ ಸಣ್ಣ ಕಲ್ಲುಮಂಟಪ ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ.

ಈ ಪ್ಯಾರಾದಲ್ಲಿ ಎಷ್ಟು ಹೆಸರು ಬಂದವು ಎಣಿಸಿ ನೋಡಿ. ಗೌಡ, ದಳವಾಯಿ, ನವಾಬ, ಸುಲ್ತಾನ, ಲಾರ್ಡು. ಮಣ್ಣಿನ ಕೋಟೆ ಕಲ್ಲಿನದಾಗಬೇಕಾದರೆ ಬೆಟ್ಟದಿಂದ ಕಲ್ಲು ಸೀಳಬೇಕು, ಬಂಡಿಗೆ ಹೇರಬೇಕು, ಕಂದಕ ತೋಡಬೇಕು, ತೋಡಿದ ಮಣ್ಣು ಹೊರಬೇಕು. ನಮ್ಮ ಸೀಮೆಯಲ್ಲಿ ಕೆರೆ ತೋಡುವ, ಕಲ್ಲು ಒಡೆಯುವ ಕಸುಬಿನವರು ಒಡ್ಡರು. ಊರ ಬಿಟ್ಟಿ ಕೆಲಸಕ್ಕೆ ಕರೆ ಬಂದರೆ ಮೊದಲು ಹೋಗಬೇಕಾದವರು ಹೊಲಗೇರಿ, ಮಾದಿಗರ ಹಟ್ಟಿಯವರು. ಕೋಟೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ಇವರೆಲ್ಲ ಒಂದೇ ಕ್ರಿಯಾಪದದಲ್ಲಿ ಮುಗಿದುಹೋಗುತ್ತಾರೆ: 'ಕಟ್ಟಿಸಿದನು'. ಕನ್ನಡ ವ್ಯಾಕರಣದ ಈ 'ಇಸು' ಪ್ರತ್ಯಯ ಎಷ್ಟು ಜನರ ಬೆವರನ್ನು ನುಂಗಿದೆಯೋ ಲೆಕ್ಕ ಇಟ್ಟವರಿಲ್ಲ.

3

ಮುತ್ತಿಗೆ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಕುದುರೆ, ಖಡ್ಗ, ಫಿರಂಗಿ. ನಿಜವಾದ ಮುತ್ತಿಗೆ ಬಹುಪಾಲು ಮಣ್ಣಿನ ಕೆಲಸ. ಹದಿನೆಂಟನೇ ಶತಮಾನದಲ್ಲಿ ಕೋಟೆ ಹಿಡಿಯುವ ರೀತಿ ಹೀಗಿತ್ತು: ಗೋಡೆಯ ಮೇಲಿನ ಗುಂಡು ತಗಲದ ದೂರದಿಂದ ಕಾಲುವೆಯಂಥ ಗುಂಡಿ ತೋಡುತ್ತ ಬರಬೇಕು. ನೇರವಾಗಿ ತೋಡಿದರೆ ಗುಂಡು ಉದ್ದಕ್ಕೂ ಹಾಯುತ್ತದೆ, ಅದಕ್ಕೇ ಹಾವಿನ ಹಾಗೆ ಸೊಟ್ಟಸೊಟ್ಟಗೆ. ತೋಡಿದ ಮಣ್ಣನ್ನು ಬುಟ್ಟಿಗಳಲ್ಲಿ ತುಂಬಿ ಮರೆ ಕಟ್ಟಬೇಕು. ಹತ್ತಿರ ಬಂದ ಮೇಲೆ ಫಿರಂಗಿ ಕಟ್ಟೆ ಹಾಕಿ ಗೋಡೆ ಒಡೆಯಬೇಕು, ಇಲ್ಲವೇ ಗೋಡೆಯ ಬುಡಕ್ಕೇ ಸುರಂಗ ಕೊರೆದು ಮದ್ದು ತುಂಬಿ ಹಾರಿಸಬೇಕು. ಒಳಗಿನವರು ಸುಮ್ಮನಿರುವುದಿಲ್ಲ, ಅವರೂ ಎದುರು ಸುರಂಗ ಕೊರೆದು ಬರುತ್ತಾರೆ. ಹೀಗೆ ಮೇಲೆ ಬಾವುಟ ಹಾರಾಡುತ್ತಿರುವಾಗ ಕೆಳಗೆ ಕತ್ತಲೆಯಲ್ಲಿ ಎರಡು ಕಡೆಯ ಕೂಲಿಗಳು ಒಬ್ಬರ ಕಡೆಗೊಬ್ಬರು ತೋಡುತ್ತಿರುತ್ತಾರೆ.

ನಮ್ಮ ಕಣ್ಣಿಗೆ ಕಾಣುವ ನಂದಿದುರ್ಗದ ಉದಾಹರಣೆ ನೋಡೋಣ. 1791ರಲ್ಲಿ ಮೇಜರ್ ಗೌಡಿಯ ನೇತೃತ್ವದ ಕಂಪನಿ ಸೈನ್ಯ ಸುಮಾರು ಮೂರು ವಾರ ಇದನ್ನು ಮುತ್ತಿ, ಅಕ್ಟೋಬರ್ 19ರ ನಸುಕಿನಲ್ಲಿ ನುಗ್ಗಿ ಹಿಡಿಯಿತು. ಆ ಕಡಿದಾದ ಬೆಟ್ಟಕ್ಕೆ ಫಿರಂಗಿ ಏರಿಸಲು ದಾರಿ ಕಡಿಯಬೇಕಾಯಿತು, ಕಟ್ಟೆ ಕಟ್ಟಬೇಕಾಯಿತು. ಕೊನೆಯ ದಾಳಿಗೆ ಮುಂಚೆ ಸೈನಿಕರಲ್ಲಿ 'ಗೋಡೆಯ ಕೆಳಗೆ ಮದ್ದಿನ ಸುರಂಗ ಇದೆ' ಎಂದು ಗುಸುಗುಸು ಎದ್ದಾಗ, ಅಲ್ಲಿದ್ದ ಜನರಲ್ ಮೆಡೋಸ್ 'ಇದ್ದರೆ ಅದು ಚಿನ್ನದ ಗಣಿ' ಎಂಬ ಅರ್ಥದ ತಮಾಷೆ ಮಾಡಿದನೆಂದು ಅವರ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಸುರಂಗಕ್ಕೂ ಗಣಿಗೂ ಒಂದೇ ಪದವಾದ್ದರಿಂದ ಈ ಚಮತ್ಕಾರ. ಇನ್ನೂರು ವರ್ಷ ದಾಟಿದರೂ ಜನರಲ್ಲನ ತಮಾಷೆ ಉಳಿದಿದೆ. ದಾರಿ ಕಡಿದವನ ಹೆಸರು ಮಾರನೆಯ ದಿನಕ್ಕೇ ಉಳಿಯಲಿಲ್ಲ.

ಈ ಕೆಲಸಕ್ಕೆಂದೇ ಕಂಪನಿ 1780ರಲ್ಲಿ ಮದ್ರಾಸಿನಲ್ಲಿ 'ಪಯನೀಯರ್' ಪಡೆ ಕಟ್ಟಿತ್ತು. ಗುದ್ದಲಿ ಹಿಡಿದು ಸೈನ್ಯದ ಮುಂದೆ ಹೋಗುವ ಪಡೆ ಇದು. ಮದ್ರಾಸ್ ಸೀಮೆಯ ಪರಯರು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಮುಂದೆ ಇದೇ ಮದ್ರಾಸ್ ಸ್ಯಾಪರ್ಸ್ ಆಯಿತು. ಇವತ್ತು ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಅದರ ಕೇಂದ್ರವಿದೆ. ಮೈಸೂರು, ಶ್ರೀರಂಗಪಟ್ಟಣ ಎಂಬ ಎರಡು ಯುದ್ಧಗೌರವಗಳು ಆ ಪಡೆಯ ಪಟ್ಟಿಯಲ್ಲಿವೆ. ಅಂದರೆ ಟಿಪ್ಪುವಿನ ಕೋಟೆಗಳ ಗೋಡೆ ಕಟ್ಟಿದ್ದು ಈ ಕಡೆಯ ಅಸ್ಪೃಶ್ಯರ ಬೆವರಾದರೆ, ಆ ಗೋಡೆಯ ಬುಡ ತೋಡಿದ್ದು ಆ ಕಡೆಯ ಅಸ್ಪೃಶ್ಯರ ಬೆವರು. ಎರಡೂ ಕಡೆ ನಮ್ಮವರೇ. ಗೆದ್ದ ಕಡೆಯೂ ನಮ್ಮದಲ್ಲ, ಸೋತ ಕಡೆಯೂ ನಮ್ಮದಲ್ಲ.

ಬೆಂಗಳೂರು ಕೋಟೆಗೆ ಹೋದವರು ಒಂದು ಫಲಕ ನೋಡಿರುತ್ತೀರಿ. 1791ರ ಮಾರ್ಚ್ 21ರಂದು ಗೋಡೆ ಒಡೆದು ಬ್ರಿಟಿಷರು ನುಗ್ಗಿದ ಜಾಗ ಇದು ಎಂದು ಅದು ಸಾರುತ್ತದೆ. ಕೋಟೆ ಕಾಯುತ್ತ ಸತ್ತ ಕಿಲ್ಲೇದಾರ ಬಹಾದೂರ್ ಖಾನನೇ ಆ ಫಲಕದಲ್ಲಿ ಇಲ್ಲ ಎಂದ ಮೇಲೆ ಅವನ ಕೈಕೆಳಗಿನ ಕಾವಲುಗಾರರ ಮಾತೆಲ್ಲಿ? ಸಂರಕ್ಷಣೆ ಎಂಬುದು ಗೆದ್ದವನು ಬರೆಸಿದ ಕಲ್ಲನ್ನು ಒರೆಸಿ ಹೊಳಪು ಮಾಡುವುದಷ್ಟೇ ಆದರೆ ಅದು ಇತಿಹಾಸವಲ್ಲ, ಎರಡನೇ ಸಲದ ಗೆಲುವು.

ಎಲ್ಲ ಕಡೆಯೂ ಹೀಗೇ ಎಂದೇನಿಲ್ಲ. 1779ರಿಂದ 1783ರವರೆಗೆ ಜಿಬ್ರಾಲ್ಟರಿನಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಸೈನ್ಯಗಳು ಬ್ರಿಟಿಷರನ್ನು ಮುತ್ತಿದ್ದವು. 1782ರ ಮೇ ತಿಂಗಳಲ್ಲಿ ಅಲ್ಲಿ ಬಂಡೆಯೊಳಗೆ ಸುರಂಗ ಕೊರೆಯಲು ಶುರುಮಾಡಿದರು. 13 ಜನ ಐದು ವಾರದಲ್ಲಿ ಸುತ್ತಿಗೆ, ಹಾರೆ, ಮದ್ದು ಹಿಡಿದು 82 ಅಡಿ ಕೊರೆದರು. ಇವತ್ತು ಅದು ದೊಡ್ಡ ಪ್ರವಾಸಿ ಸ್ಥಳ. ಅಲ್ಲಿ ಗವರ್ನರನ ಹೆಸರಿನ ಜೊತೆಗೆ ಕೆಲಸ ನಡೆಸಿದ ಸಾರ್ಜೆಂಟ್ ಮೇಜರ್ ಹೆನ್ರಿ ಇನ್ಸ್ ಎಂಬವನ ಹೆಸರೂ ಉಳಿದಿದೆ. ವಿಯೆಟ್ನಾಮಿನ ಕು ಚಿ ಸುರಂಗಗಳನ್ನು ಆ ದೇಶ ಉಳಿಸಿಕೊಂಡಿರುವುದು ಹಳ್ಳಿಯ ರೈತರು ಕೈಯಲ್ಲಿ ತೋಡಿದ್ದು ಎಂಬ ಹೆಮ್ಮೆಯಲ್ಲೇ. ಅಂದರೆ ತೋಡಿದವರನ್ನು ನೆನೆಯುವುದು ಅಸಾಧ್ಯವೇನಲ್ಲ. ಮನಸ್ಸಿರಬೇಕು.

4

ಜಿಬ್ರಾಲ್ಟರಿನ ಮುತ್ತಿಗೆ ಶುರುವಾದ 1779ನೇ ಇಸವಿಯಲ್ಲೇ, ಮಾರ್ಚ್ ತಿಂಗಳಲ್ಲಿ, ನಮ್ಮ ಚಿತ್ರದುರ್ಗ ಬಿತ್ತು. ಮೂವತ್ತು ವರ್ಷದ ಹಿಂದೆ ದೇವನಹಳ್ಳಿಯ ಗೋಡೆಯ ಕೆಳಗೆ ಮುತ್ತಿಗೆಯ ಪಾಠ ಕಲಿತಿದ್ದ ಹೈದರ್ ಅಷ್ಟೊತ್ತಿಗೆ ಮೈಸೂರಿನ ಒಡೆಯನಾಗಿದ್ದ. ಏಳು ಸುತ್ತಿನ ಕೋಟೆಯನ್ನು ಅವನು ಒಂದೇ ಸಲಕ್ಕೆ ಹಿಡಿಯಲಿಲ್ಲ. ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಬಂದ. ಆ ಮುತ್ತಿಗೆಗಳಲ್ಲೊಂದರ ನಡುವೆ ನಡೆದದ್ದೆಂದು ಜನ ಹೇಳುವುದೇ ಓಬವ್ವನ ಕತೆ.

ಕತೆ ಎಲ್ಲರಿಗೂ ಗೊತ್ತು. ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಮುದುರಿ ತೂರಬಹುದಾದ ಕಿಂಡಿ. ಅದರ ಕಾವಲಿನವನು ಕಹಳೆ ಮುದ್ದಹನುಮ. ಅವನು ಉಣ್ಣಲು ಮನೆಗೆ ಬಂದ. ಹೆಂಡತಿ ಓಬವ್ವ ನೀರಿಗೆಂದು ತಣ್ಣೀರುದೋಣಿಯ ಕಡೆ ಹೋದಳು. ಕಿಂಡಿಯಲ್ಲಿ ಶತ್ರು ಸಿಪಾಯಿಗಳು ತೂರುವ ಸದ್ದು ಕೇಳಿತು. ಮನೆಯಲ್ಲಿದ್ದ ಒನಕೆ ತಂದು, ತಲೆ ಹೊರಗೆ ಬಂದಂತೆ ಬಂದಂತೆ ಹೊಡೆದು, ಹೆಣವನ್ನು ಪಕ್ಕಕ್ಕೆ ಎಳೆದು, ಮತ್ತೊಬ್ಬನಿಗೆ ಕಾದಳು. ಗಂಡ ಬಂದು ಕಹಳೆ ಊದುವ ತನಕ ಕಿಂಡಿ ಅವಳ ಕೈಯಲ್ಲಿತ್ತು. ಆ ದಿನವೇ ಅವಳೂ ಸತ್ತಳು.

ಈ ಕಿಂಡಿ ನಿಜಾರ್ಥದಲ್ಲಿ ತೋಡಿದ ಸುರಂಗವಲ್ಲ. ಆದರೆ ಮುತ್ತಿಗೆಯ ಲೆಕ್ಕದಲ್ಲಿ ಎರಡೂ ಒಂದೇ: ಗೋಡೆಯನ್ನು ಸೋಲಿಸುವ ದಾರಿ. ಗೋಡೆ ರಾಜನದು, ಕಿಂಡಿ ಕಾವಲುಗಾರನದು. ಹೆಬ್ಬಾಗಿಲಲ್ಲಿ ದಳವಾಯಿ ನಿಲ್ಲುತ್ತಾನೆ. ಕಿಂಡಿಯಲ್ಲಿ ನಿಲ್ಲುವವನು ಊಟಕ್ಕೆ ಹೋದಾಗ ಬದಲಿಗೆ ನಿಲ್ಲಲು ಮತ್ತೊಬ್ಬನನ್ನು ಕೊಡುವಷ್ಟು ಮರ್ಯಾದೆಯೂ ಅವನ ಕೆಲಸಕ್ಕಿಲ್ಲ. ಓಬವ್ವನ ಶೌರ್ಯ ಹೊಗಳುವ ಯಾರೂ ಈ ಬದಲಿ ಕಾವಲುಗಾರನ ಪ್ರಶ್ನೆ ಎತ್ತಿದ್ದನ್ನು ನಾನು ಕೇಳಿಲ್ಲ.

ಓಬವ್ವ ಹೊಲೆಯರ ಹೆಣ್ಣುಮಗಳು, ಛಲವಾದಿ ಸಮುದಾಯದವಳು. ಕರ್ನಾಟಕದ ಕೋಟೆಗಳಲ್ಲಿ ಎಷ್ಟು ಬಾಗಿಲು, ಎಷ್ಟು ಬತೇರಿ, ಎಷ್ಟು ಹೊಂಡ ಇವೆಯೋ. ಒಬ್ಬ ಅಸ್ಪೃಶ್ಯ ಹೆಂಗಸಿನ ಹೆಸರು ಹೊತ್ತು ಇಷ್ಟು ಪ್ರಸಿದ್ಧವಾಗಿರುವ ಜಾಗ ನನಗೆ ತಿಳಿದಂತೆ ಇದೊಂದೇ. ಈ ಹೆಸರನ್ನು ಉಳಿಸಿದ್ದು ಯಾವ ಇಲಾಖೆಯೂ ಅಲ್ಲ, ಜನರ ನಾಲಿಗೆ. ಇಲಾಖೆ ಬೋರ್ಡು ನೆಡುವ ಮುಂಚೆಯೇ ಜನ ಅದನ್ನು 'ಓಬವ್ವನ ಕಿಂಡಿ' ಎಂದು ಕರೆದಿದ್ದರು.

'ಇದಕ್ಕೆ ಲಿಖಿತ ಆಧಾರ ಎಲ್ಲಿದೆ?' ಎಂದು ನನ್ನ ವಿಷಯದ ವಿದ್ವಾಂಸರು ಕೇಳುತ್ತಾರೆ. ಕೇಳಲಿ, ಕೇಳುವುದು ನಮ್ಮ ಕಸುಬು. ಆದರೆ ಬರೆಯುವ ಹಕ್ಕನ್ನೇ ಕೊಡದೆ ಬರವಣಿಗೆಯ ಪುರಾವೆ ಕೇಳುವುದು ಯಾವ ನ್ಯಾಯ? ಹಳೇ ಮೈಸೂರು ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ತೀರ್ಮಾನ ಮಾಡುತ್ತಿದ್ದವನು ಹೊಲೆಯರ ಕುಳವಾಡಿ. ಅವನು ತಲೆ ಮೇಲೆ ಮಣ್ಣಿನುಂಡೆ ಹೊತ್ತು ಗಡಿ ನಡೆಯುತ್ತಿದ್ದ. ನಡೆದದ್ದು ಸರಿಯಾದ ದಾರಿಯಾದರೆ ಉಂಡೆ ಒಡೆಯುವುದಿಲ್ಲ ಎಂಬ ನಂಬಿಕೆ. ಬ್ರಿಟಿಷ್ ಅಧಿಕಾರಿಗಳೂ ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ದಾಖಲಿಸಿದ್ದಾರೆ. ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತೋಟಿಯಾಗಿದ್ದ ನಮ್ಮ ತಾತನ ಬಗ್ಗೆ ಅಜ್ಜಿ ಹೇಳುತ್ತಿದ್ದಳು: 'ಶಾನುಭೋಗರ ಕಡತ ಒದ್ದೆ ಆಗಿ ಅಳಿಸೋಯ್ತು ಅಂತಿಟ್ಕೊ ಮಗಾ, ಗಡಿಕಲ್ಲು ಎಲ್ಲೈತೆ ಅಂತ ನಿಮ್ ತಾತನ್ನೇ ಕೇಳ್ಬೇಕಾಗಿತ್ತು.' ಭೂಮಿ ಯಾರದು ಎಂದು ಹೇಳುವುದಕ್ಕೆ ಹೊಲೆಯನ ನೆನಪು ನಂಬಿಕಸ್ತ. ಆ ಭೂಮಿಯಲ್ಲಿ ಅವನಿಗೆ ಪಾಲಿರಲಿಲ್ಲ, ಆ ಮಾತು ಬೇರೆ. ಅದೇ ಹೊಲೆಯರ ನೆನಪು ಕೋಟೆಯ ಕಿಂಡಿಯ ಬಗ್ಗೆ ಹೇಳಿದರೆ ಮಾತ್ರ 'ದಂತಕತೆ'. ಗಡಿಗೆ ಸಾಕ್ಷಿಯಾದ ನಾಲಿಗೆ ಕೋಟೆಗೆ ಯಾಕೆ ಸಾಕ್ಷಿಯಾಗಬಾರದು?

5

ಓಬವ್ವನನ್ನು ನಾಡು ಮರೆತಿದೆ ಎಂದು ನಾನು ಹೇಳುತ್ತಿಲ್ಲ. ತರಾಸು ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬಂದ ಮೇಲೆ ಕನ್ನಡಿಗರ ಮನೆಮನೆಗೂ ಅವಳು ಗೊತ್ತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರ ಓಬವ್ವ ಜಯಂತಿ ಆಚರಿಸುತ್ತಿದೆ. ಆದ್ದರಿಂದ ಪ್ರಶ್ನೆ ಇರುವುದು ಮರೆವಿನದಲ್ಲ, ಯಾವ ರೂಪದಲ್ಲಿ ನೆನೆಯುತ್ತಿದ್ದೇವೆ ಎಂಬುದು.

ನಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ದುರ್ಗಕ್ಕೆ ಹೋಗಿದ್ದಾಗ ಕಿಂಡಿಯ ಹತ್ತಿರ ಗೈಡು ಬಹಳ ಚೆನ್ನಾಗಿ ಕತೆ ಹೇಳಿದ. ಒನಕೆ ಎತ್ತಿದ ಹಾಗೆ ಕೈ ಎತ್ತಿ ತೋರಿಸಿದ. ಹುಡುಗರು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ತೂರಿ ಫೋಟೋ ತೆಗೆಸಿಕೊಂಡರು. 'ಓಬವ್ವ ಯಾರ ಪೈಕಿ ಅಣ್ಣಾ?' ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. ಅವನು ಸ್ವಲ್ಪ ತಡೆದು, 'ವೀರವನಿತೆಗೆ ಜಾತಿ ಎಲ್ಲಮ್ಮ ಬರುತ್ತೆ, ಆಕೆ ಎಲ್ಲರಿಗೂ ಸೇರಿದೋಳು' ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ಹೇಳಿದ. ಆದರೆ ಅದೇ ಗೈಡು ಒಂದು ಗಂಟೆ ಮುಂಚೆ ಪಾಳೆಯಗಾರರ ವಂಶಾವಳಿಯನ್ನು ತಲೆಮಾರು ಬಿಡದೆ ಹೇಳಿದ್ದ. ಅರಸನಿಗೆ ವಂಶ ಇದೆ, ಅವ್ವನಿಗೆ ಜಾತಿ ಹೇಳಬಾರದು. ಕೇರಿಯಲ್ಲಿ ಬದುಕಿರುವಷ್ಟು ದಿನ ಜಾತಿ ಬಿಟ್ಟು ಬೇರೇನೂ ಕಾಣದವರಿಗೆ, ಸತ್ತು ವೀರರಾದ ಕೂಡಲೇ ಜಾತಿ ಬಿಟ್ಟು ಎಲ್ಲವೂ ಕಾಣುತ್ತದೆ. ಇದೇ ನಮ್ಮ ಸಾಂಸ್ಕೃತಿಕ ಯಜಮಾನಿಕೆಯ ಕೈಚಳಕ.

ಎರಡನೇ ಅಪಾಯ ಇನ್ನೂ ದೊಡ್ಡದು. ಓಬವ್ವನನ್ನು ಹೈದರನ ವಿರುದ್ಧ, ಹೈದರನ ಮೂಲಕ ಟಿಪ್ಪುವಿನ ವಿರುದ್ಧ, ಟಿಪ್ಪುವಿನ ಮೂಲಕ ಇವತ್ತಿನ ಮುಸ್ಲಿಮರ ವಿರುದ್ಧ ನಿಲ್ಲಿಸುವ ಕೆಲಸ ನಡೆದಿದೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿದ್ದು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿದ್ದು, ಆ ಗದ್ದಲದ ನಡುವೆ ಓಬವ್ವನ ಹೆಸರು ಎಳೆದಾಡಿದ್ದು ಎಲ್ಲ ನಮ್ಮ ಕಣ್ಣ ಮುಂದಿದೆ. ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗದ ಪಕ್ಕದಲ್ಲೇ ಪಾಠ ಮಾಡುವ ನನಗೆ ಇದು ದೂರದ ಮಾತಲ್ಲ. ಮುದ್ದಹನುಮನ ಹೆಂಡತಿ ಕಾದದ್ದು ಧರ್ಮವನ್ನಲ್ಲ, ಗಂಡನ ಪಾಳಿಯನ್ನು, ತನ್ನ ಗುಡಿಸಲ ಮುಂದಿನ ದಾರಿಯನ್ನು. ಹೈದರ್ ದುರ್ಗ ಹಿಡಿದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರನ್ನು 'ಚೇಲಾ' ಪಡೆಗಳಾಗಿ ಕಟ್ಟಿದ. ಆ ಕ್ರೌರ್ಯವನ್ನು ಮುಚ್ಚಿಡಬೇಕಿಲ್ಲ. ಹಾಗೆಯೇ ಪಾಳೆಯಗಾರನ ಆಳ್ವಿಕೆ ಹೊಲಗೇರಿಗೆ ಸ್ವರ್ಗವಾಗಿತ್ತು ಎಂದೂ ಸುಳ್ಳು ಹೇಳಬೇಕಿಲ್ಲ.

ನಾವೂ ಇಲ್ಲಿ ಎಚ್ಚರವಾಗಿರಬೇಕು. ಅವರಿಗೆ ರಾಜರಿದ್ದಾರೆ, ನಮಗೊಬ್ಬಳು ರಾಣಿಯಂಥವಳು ಬೇಕು ಎಂದು ಓಬವ್ವನಿಗೆ ಕುದುರೆ, ಕಿರೀಟ ಹಾಕಿದರೆ ನಾವು ಅವಳನ್ನು ಇನ್ನೊಂದು ಸಲ ಕಳೆದುಕೊಳ್ಳುತ್ತೇವೆ. ಅವಳ ಕೈಯಲ್ಲಿದ್ದದ್ದು ಖಡ್ಗವಲ್ಲ, ದಿನಾ ಭತ್ತ ಕುಟ್ಟುವ ಒನಕೆ. ಅಂಬೇಡ್ಕರ್ 1927ರ ಜನವರಿ 1ರಂದು ಭೀಮಾ ಕೋರೆಗಾಂವ್ ಸ್ತಂಭದ ಮುಂದೆ ನಿಂತಾಗ ಅವರು ಪೇಶ್ವೆಯರನ್ನು ಸೋಲಿಸಿದ ಕಂಪನಿಗೆ ಜೈಕಾರ ಹಾಕಲು ಹೋಗಿರಲಿಲ್ಲ. 1818ರ ಯುದ್ಧದಲ್ಲಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಆ ಕಲ್ಲಿನ ಮೇಲಿದೆ ಎಂಬ ಒಂದೇ ಸಂಗತಿ ಅವರಿಗೆ ಮುಖ್ಯವಾಗಿತ್ತು. ಅದೇ ಸರ್ಕಾರ ಮುಂದೆ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ, ಇವರೂ ಕಾದವರು ಎಂದು ಹೇಳಲು ಆ ಕಲ್ಲಿತ್ತು. ಹೆಸರುಳ್ಳ ಕಲ್ಲು ಹಕ್ಕಿನ ದಾಖಲೆ. ಸಂರಕ್ಷಣೆಯ ನಿಜವಾದ ಬೆಲೆ ಇರುವುದು ಅಲ್ಲಿ.

6

ಕೋಟೆ ಮತ್ತು ನೀರಿನ ಸಂಬಂಧವನ್ನು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಓಬವ್ವ ನೀರಿಗೆ ಹೋದವಳು. ದುರ್ಗದಲ್ಲಿ ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡಗಳಂಥ ದೊಡ್ಡ ಹೊಂಡಗಳಿವೆ. ಯಾವ ನೀರನ್ನು ಯಾರು ಮುಟ್ಟಬಹುದಿತ್ತು ಎಂಬ ಪ್ರಶ್ನೆ ಒಬ್ಬ ದಲಿತ ಓದುಗನಿಗೆ ತಾನಾಗಿಯೇ ಏಳುತ್ತದೆ. ಬೇರೆಯವರಿಗೆ ಏಳುವುದೇ ಇಲ್ಲ.

1934ರಲ್ಲಿ ಅಂಬೇಡ್ಕರ್ ತಮ್ಮ ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದರು. ಮುತ್ತಿಗೆಯನ್ನು ತಡೆಯಲು ಬಂಡೆಯೊಳಗೆ ಕೊರೆದ ಕತ್ತಲೆ ದಾರಿಗೆ ಹೆಸರಾದ ಕೋಟೆ ಅದು. 'ಅಂಧೇರಿ' ಎಂದೇ ಅದರ ಹೆಸರು. ಬಿಸಿಲಲ್ಲಿ ಬಂದಿದ್ದ ತಂಡ ಬಾಗಿಲ ಬಳಿಯ ಹೊಂಡದಲ್ಲಿ ಕೈಕಾಲು ಮುಖ ತೊಳೆದುಕೊಂಡಿತು. ಹೊಲೆಯರು ನೀರು ಮೈಲಿಗೆ ಮಾಡಿದರು ಎಂದು ಗಲಾಟೆ ಎದ್ದಿತು, ಗುಂಪು ಸೇರಿತು, ಬೈಗುಳ ಬಂತು. ಕೊನೆಗೆ ಒಳಗೆಲ್ಲೂ ನೀರು ಮುಟ್ಟಬಾರದು ಎಂಬ ಕರಾರಿನ ಮೇಲೆ, ಒಬ್ಬ ಹತ್ಯಾರು ಹಿಡಿದ ಸಿಪಾಯಿಯ ಕಾವಲಿನಲ್ಲಿ ಅವರನ್ನು ಬಿಟ್ಟರು. ಅಲ್ಲಿ ಗಲಾಟೆ ಮಾಡಿದವರು ಮುಸ್ಲಿಮರು. ಹಿಂದೂಗಳಿಗೆ ಅಸ್ಪೃಶ್ಯನಾದವನು ಮುಸ್ಲಿಮರಿಗೂ ಅಸ್ಪೃಶ್ಯನೇ ಎಂಬುದನ್ನು ತೋರಿಸಲು ಅಂಬೇಡ್ಕರ್ ಇದನ್ನು ತಮ್ಮ 'ವೀಸಾಕ್ಕಾಗಿ ಕಾಯುತ್ತಾ' ಬರಹದಲ್ಲಿ ದಾಖಲಿಸಿದರು. ಕೋಟೆ ಆಗಲೇ ಪ್ರವಾಸಿಗರು ನೋಡುವ ಐತಿಹಾಸಿಕ ಸ್ಥಳವಾಗಿತ್ತು. ಕಲ್ಲು ಉಳಿದಿತ್ತು, ಸುರಂಗ ಉಳಿದಿತ್ತು, ಅವುಗಳ ಜೊತೆ ಮೈಲಿಗೆಯೂ ಉಳಿದಿತ್ತು. ಅದನ್ನೂ ಯಾರೋ ಜತನವಾಗಿ ಸಂರಕ್ಷಿಸಿಕೊಂಡು ಬಂದಿದ್ದರು.

7

ಈಗ ಕಾನೂನಿನ ಮಾತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇದ್ದ ಮನೆ ರಿಪೇರಿಗೂ ಅನುಮತಿ ಬೇಕು. ಕಾನೂನಿನ ಉದ್ದೇಶ ಒಳ್ಳೆಯದು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಭೂಮಿಯ ಬೆಲೆ ಏರಿದ ರೀತಿ ನೋಡಿದವರಿಗೆ, ಇಂಥ ಕಾನೂನು ಇಲ್ಲದಿದ್ದರೆ ಕೋಟೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ. ಆದರೆ ಕೋಟೆಯ ಮಗ್ಗುಲಲ್ಲಿ, ಕಂದಕದ ಅಂಚಿನಲ್ಲಿ ಬದುಕುತ್ತಿರುವವರು ಯಾರು? ದುಡ್ಡಿದ್ದವನು ಬಡಾವಣೆಗೆ ಹೋಗಿ ಸೈಟು ತಗೊಳ್ಳುತ್ತಾನೆ. ಮಳೆಗೆ ಸೋರುವ ಶೀಟು ಬದಲಿಸಲು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವನು ಬಡವ.

ಹಂಪಿಯಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ವಾಸವಿದ್ದ, ಅಂಗಡಿ ಇಟ್ಟಿದ್ದ ಕುಟುಂಬಗಳನ್ನು ಎಬ್ಬಿಸಿ ಬುಲ್ಡೋಜರ್ ಹಾಯಿಸಿದರು. ಪರಂಪರೆ ಉಳಿಯಿತು, ಜನ ಹೋದರು. ಅತ್ತ 2017ರಲ್ಲಿ ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಶಸ್ತ್ರಾಗಾರವನ್ನು ಒಡೆಯದೆ, ನೂರಾರು ಟನ್ ತೂಕದ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿ ಇಟ್ಟರು. ಎಂಜಿನಿಯರುಗಳ ಆ ಕೆಲಸ ಕಂಡು ನನಗೂ ಹೆಮ್ಮೆಯಾಯಿತು. ಒಂದು ಮದ್ದಿನ ಮನೆಯನ್ನು ಬಿರುಕು ಬಿಡದಂತೆ ಎತ್ತಿಡಬಲ್ಲ ಪ್ರಭುತ್ವಕ್ಕೆ, ಬಡವರ ಬದುಕು ಒಡೆಯದಂತೆ ಸ್ಮಾರಕ ಉಳಿಸುವುದು ಬರುವುದಿಲ್ಲ ಎಂದರೆ ನಂಬುವುದು ಹೇಗೆ?

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ನನ್ನಲ್ಲಿಲ್ಲ, ಮಾಡಬಹುದಾದ ಕೆಲಸಗಳಿವೆ. ಓಬವ್ವನ ಕಿಂಡಿಯ ಬಳಿ ಅವಳ ಸಮುದಾಯ, ಗಂಡನ ಹೆಸರು, ಕೆಲಸ ಎಲ್ಲವನ್ನೂ ಹೇಳುವ ಫಲಕ ಬೇಕು. ಇದು ಜನರ ನೆನಪಿನಿಂದ ಬಂದದ್ದು ಎಂದೂ ಅದರಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ದೇವನಹಳ್ಳಿ, ನಂದಿ ಕೋಟೆಗಳ ಬೋರ್ಡಿನಲ್ಲಿ ಕಲ್ಲು ಒಡೆದ, ಮಣ್ಣು ಹೊತ್ತ ಕಸುಬಿನವರ ಬಗ್ಗೆ ನಾಲ್ಕು ಸಾಲು ಬರಬೇಕು. ಸ್ಮಾರಕ ನೋಡಿಕೊಳ್ಳುವ, ತೋರಿಸುವ ಕೆಲಸ ಸುತ್ತಲಿನ ಕೇರಿಯ ಹುಡುಗ ಹುಡುಗಿಯರಿಗೆ ಸಿಗಬೇಕು, ಗುಡಿಸುವ ಕೆಲಸ ಮಾತ್ರವಲ್ಲ. ನಿಷೇಧಿತ ಪ್ರದೇಶದ ಬಡವರ ಮನೆ ರಿಪೇರಿಯ ಅರ್ಜಿ ತಾಲ್ಲೂಕು ಮಟ್ಟದಲ್ಲೇ, ಗೊತ್ತಾದ ಅವಧಿಯೊಳಗೆ ತೀರ್ಮಾನವಾಗಬೇಕು. ಸರ್ಕಾರಕ್ಕೆ ಕಾಯದೆ ನಾವೇ ಮಾಡಬಹುದಾದದ್ದೂ ಒಂದಿದೆ: ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಕೇರಿಯ ಹಿರಿಯರ ಹತ್ತಿರ ಕೂತು, ತೋಟಿ, ತಳವಾರ, ನೀರಗಂಟಿ, ಕುಳವಾಡಿಕೆ ಮಾಡಿದ ಮನೆತನಗಳ ನೆನಪುಗಳನ್ನು ಬರೆದುಕೊಳ್ಳಬೇಕು. ಕಲ್ಲು ಇನ್ನೂ ನೂರು ವರ್ಷ ಇರುತ್ತದೆ. ಆ ಮುದುಕರು ಇರುವುದಿಲ್ಲ.

ಹೋದ ವರ್ಷ ಈ ಕೆಲಸ ಶುರು ಮಾಡಿದೆವು. ಸುರಂಗ ತೋಡಿದವರು ಯಾರು ಎಂದು ಕೇಳಿದ್ದ ಹುಡುಗಿ ತನ್ನ ಅಜ್ಜಿಯನ್ನೇ ಮೊದಲು ಕೇಳಿಕೊಂಡು ಬಂದಳು. ನೋಟ್ ಬುಕ್ಕಿನಲ್ಲಿ ಎರಡೇ ಪುಟ. ಕೊನೆಯಲ್ಲಿ ಅಜ್ಜಿ ಹೇಳಿದ ಮಾತು: 'ಸುರಂಗ ಐತೋ ಇಲ್ವೋ ನಂಗೊತ್ತಿಲ್ಲ ಕಣವ್ವ. ಇದ್ರೆ ಅದರ ಮಣ್ಣು ಹೊತ್ತಿರೋದು ನಮ್ಮೋರೇ. ಇನ್ಯಾರು ಹೊತ್ತಾರು?'

ಇತಿಹಾಸದ ಮೇಷ್ಟ್ರಾಗಿ ನಾನು ಈಗಲೂ ದೇವನಹಳ್ಳಿಯಿಂದ ನಂದಿಗೆ ಸುರಂಗವಿದೆ ಎಂದು ಪಾಠ ಮಾಡುವುದಿಲ್ಲ. ಆ ಅಜ್ಜಿಯ ಮಾತನ್ನು ಮಾತ್ರ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡುತ್ತೇನೆ.